ನಗರದಲ್ಲಿ ಕೆಲಸ, ಸಣ್ಣ ಊರಿನಲ್ಲಿ ಬಾಡಿಗೆ ಮನೆ: ಹುಡುಕಾಟದಿಂದ ಕೀಲಿ ವಾಪಸ್ ಕೊಡುವವರೆಗೆ

ಕೆಲಸ ದೊಡ್ಡ ನಗರದಲ್ಲಿದೆ, ಅಲ್ಲಿನ ಬಾಡಿಗೆ ಕೈಗೆಟುಕುತ್ತಿಲ್ಲ. ರೈಲಿನಲ್ಲೋ ಬಸ್ಸಿನಲ್ಲೋ ಒಂದು ಗಂಟೆ ದೂರದ ಸಣ್ಣ ಊರಿನಲ್ಲಿ ಅದೇ ದುಡ್ಡಿಗೆ ಒಂದು ಕೋಣೆ ಹೆಚ್ಚು ಸಿಗುತ್ತದೆ, ಗಾಳಿ ಬೆಳಕೂ ಸಿಗುತ್ತದೆ. ಇಷ್ಟು ಗೊತ್ತಾದ ಕೂಡಲೇ ಹೆಚ್ಚಿನವರು ಮನೆ ನೋಡಲು ಹೊರಟುಬಿಡುತ್ತಾರೆ. ಆದರೆ ಇಂಥ ಊರಿನಲ್ಲಿ ಮೊದಲು ನೋಡಬೇಕಾದದ್ದು ದಾರಿ, ಆಮೇಲೆ ಊರು, ಕೊನೆಗೆ ಮನೆ. ಸೋರುವ ನಲ್ಲಿಯನ್ನು ಒಂದು ದಿನದಲ್ಲಿ ಸರಿಮಾಡಿಸಬಹುದು. ರಾತ್ರಿ ಬೇಗನೆ ನಿಂತುಹೋಗುವ ಬಸ್ಸನ್ನು ಯಾವ ಮಾಲೀಕರೂ ಸರಿಮಾಡಿಕೊಡಲಾರರು. ಹಾಗಾಗಿ ಈ ಬರಹವನ್ನೂ ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

ಮೊದಲ ಹೆಜ್ಜೆ: ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು?

ಬಾಡಿಗೆಯ ಜಾಹೀರಾತಿನಲ್ಲಿ "ನಗರಕ್ಕೆ 45 ನಿಮಿಷ" ಎಂದು ಇರುತ್ತದೆ. ಅದು ರೈಲು ಹೊರಟು ಮುಟ್ಟುವ ನಡುವಿನ ಹೊತ್ತು ಮಾತ್ರ. ನಿಮಗೆ ಬೇಕಾದದ್ದು ಮನೆಯ ಬಾಗಿಲಿಗೆ ಬೀಗ ಹಾಕಿದ ಕ್ಷಣದಿಂದ ಕಚೇರಿಯ ಕುರ್ಚಿಯಲ್ಲಿ ಕೂರುವ ಕ್ಷಣದವರೆಗಿನ ಲೆಕ್ಕ. ನಿಲ್ದಾಣಕ್ಕೆ ನಡಿಗೆ, ಗಾಡಿ ನಿಲ್ಲಿಸಲು ಜಾಗ ಹುಡುಕುವುದು, ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು, ಪ್ರಯಾಣ, ನಗರದಲ್ಲಿ ಇಳಿದ ಮೇಲೆ ಇನ್ನೊಂದು ಬಸ್ಸು ಅಥವಾ ಮೆಟ್ರೋ, ಅಲ್ಲಿಂದ ಮತ್ತೆ ನಡಿಗೆ, ಲಿಫ್ಟಿಗಾಗಿ ನಿಲ್ಲುವುದು. ಇವೆಲ್ಲ ಸೇರಿದಾಗ 45 ನಿಮಿಷ ಸುಲಭವಾಗಿ 75 ಆಗುತ್ತದೆ.

ಹೋಗಲು 75, ಬರಲು 75 ಎಂದರೆ ದಿನಕ್ಕೆ 150 ನಿಮಿಷ. ತಿಂಗಳಿಗೆ 22 ದಿನ ಕೆಲಸವೆಂದು ಹಿಡಿದರೆ 55 ಗಂಟೆ. ವಾರಕ್ಕೆ 40 ಗಂಟೆ ದುಡಿಯುವವರಿಗೆ ಇದು ಒಂದು ವಾರದ ದುಡಿಮೆಗಿಂತ ಹೆಚ್ಚು. ಈ ಸಂಖ್ಯೆಯನ್ನು ನಿಮ್ಮದೇ ದಾರಿಗೆ ಲೆಕ್ಕ ಹಾಕಿ ಕಾಗದದ ಮೇಲೆ ಬರೆದಿಡಿ. ಮನೆ ನೋಡಿ ಮನಸೋತ ಮೇಲೆ ಈ ಲೆಕ್ಕ ಮಾಡಲು ಕೂತರೆ ಮನಸ್ಸು ನಿಮಿಷಗಳನ್ನು ಕಡಿಮೆ ಮಾಡಿಯೇ ಎಣಿಸುತ್ತದೆ.

ಎಷ್ಟು ಹೊತ್ತಾದರೆ ಹೆಚ್ಚು ಎಂಬುದಕ್ಕೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಇಟಲಿಯ ಭೌತಶಾಸ್ತ್ರಜ್ಞ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಮುಂದಿಟ್ಟರು: ಕಾಲ್ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೂ ಮನುಷ್ಯರು ಓಡಾಟಕ್ಕೆ ಕೊಡುವ ಸಮಯ ದಿನಕ್ಕೆ ಸುಮಾರು ಒಂದು ಗಂಟೆಯ ಆಸುಪಾಸಿನಲ್ಲೇ ಇದೆ, ವಾಹನದ ವೇಗ ಹೆಚ್ಚಿದಂತೆ ಜನ ದೂರ ಹೋಗಿ ನೆಲೆಸಿದರೇ ಹೊರತು ಸಮಯ ಉಳಿಸಿಕೊಳ್ಳಲಿಲ್ಲ ಎಂದು. ಇದು ಸರಾಸರಿಯ ಮಾತು. ದಿನಕ್ಕೆ ಎರಡೂವರೆ ಗಂಟೆ ಓಡಾಡಿಕೊಂಡು ನೆಮ್ಮದಿಯಾಗಿರುವವರೂ ಇದ್ದಾರೆ. ಆದರೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರು ತಮ್ಮ ಇಡೀ ದಿನವನ್ನು ತುಣುಕು ತುಣುಕಾಗಿ ನೆನೆದು ಹೇಳಿದಾಗ, ಸಂತೋಷ ಕೊಟ್ಟ ಹೊತ್ತುಗಳ ಪಟ್ಟಿಯಲ್ಲಿ ಕೆಲಸದ ಪ್ರಯಾಣ ಕೊನೆಯ ಸ್ಥಾನದಲ್ಲಿತ್ತು. ಅಭ್ಯಾಸವಾಗಿಬಿಡುತ್ತದೆ ಎಂದು ಧೈರ್ಯ ಹೇಳಿಕೊಳ್ಳುವ ಮುಂಚೆ ಇದನ್ನು ನೆನಪಿಡಿ.

ಸಮಯದ ಉದ್ದ ಎಷ್ಟು ಮುಖ್ಯವೋ ಅದರ ಗುಣವೂ ಅಷ್ಟೇ ಮುಖ್ಯ. ನನ್ನ ಅನುಭವದಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಯಾವ ಊರನ್ನೂ ಒಪ್ಪಬಾರದು.

ಒಂದು ವಾಹನ ತಪ್ಪಿದರೆ ಇನ್ನೊಂದು ಎಷ್ಟು ಹೊತ್ತಿಗೆ ಬರುತ್ತದೆ? ಹದಿನೈದು ನಿಮಿಷಕ್ಕೊಂದು ಬರುವ ಊರಿನಲ್ಲಿ ಒಂದು ನಿಮಿಷ ತಡವಾದರೆ ಕಳೆದುಕೊಳ್ಳುವುದು ಹದಿನಾಲ್ಕು ನಿಮಿಷ. ಗಂಟೆಗೊಂದು ಬರುವ ಊರಿನಲ್ಲಿ ಅದೇ ಒಂದು ನಿಮಿಷ ಅರ್ಧ ದಿನದ ರಜೆಯನ್ನೇ ತಿನ್ನಬಹುದು. ಸಾರಿಗೆ ಯೋಜನೆ ಮಾಡುವವರು ಕಾಯುವ ಒಂದು ನಿಮಿಷವನ್ನು ಪ್ರಯಾಣದ ಸುಮಾರು ಎರಡು ನಿಮಿಷಕ್ಕೆ ಸಮವೆಂದು ಹಿಡಿಯುವುದುಂಟು, ಏಕೆಂದರೆ ಜನರಿಗೆ ಅದು ಹಾಗೇ ಅನಿಸುತ್ತದೆ. ಹಾಗಾಗಿ ನಡುವೆ ಎರಡು ಬಾರಿ ವಾಹನ ಬದಲಿಸುವ 60 ನಿಮಿಷದ ದಾರಿಗಿಂತ ಒಂದೇ ವಾಹನದ 70 ನಿಮಿಷದ ದಾರಿ ವಾಸಿ.

ಕೂರಲು ಜಾಗ ಸಿಗುತ್ತದೆಯೇ? ರೈಲೋ ಬಸ್ಸೋ ಆ ಊರಿನಿಂದಲೇ ಹೊರಡುತ್ತದೆ ಎಂದಾದರೆ ನಿಮಗೆ ಸೀಟು ಸಿಗುತ್ತದೆ. ಎರಡು ನಿಲ್ದಾಣ ಮುಂದಿನ ಊರಿನವರು ನಿಂತೇ ಹೋಗಬೇಕಾಗಬಹುದು. ಕೂತು ಹೋಗುವ ಗಂಟೆಯಲ್ಲಿ ಓದಬಹುದು, ನಿದ್ದೆ ಮಾಡಬಹುದು. ನಿಂತು ಹೋಗುವ ಗಂಟೆ ಪೂರ್ತಿ ಖರ್ಚು. ಹತ್ತು ನಿಮಿಷ ಹೆಚ್ಚು ದೂರವಾದರೂ ವಾಹನ ಹೊರಡುವ ಊರನ್ನೇ ಆರಿಸಿಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಕೊನೆಯ ವಾಹನ ಎಷ್ಟು ಹೊತ್ತಿಗೆ? ಬೆಳಗಿನ ಮೊದಲ ವಾಹನದ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ರಾತ್ರಿಯ ಕೊನೆಯದರ ಬಗ್ಗೆ ಕೇಳುವವರು ಕಡಿಮೆ. ಕಚೇರಿಯಲ್ಲಿ ಒಂದು ಸಭೆ ಎಳೆದರೆ, ಗೆಳೆಯರ ಮನೆಯ ಸಮಾರಂಭಕ್ಕೆ ಹೋದರೆ, ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಬೇಕಾದರೆ ನಿಮ್ಮ ಸಂಜೆಯನ್ನು ಆಳುವುದು ಆ ಕೊನೆಯ ವಾಹನ. ವಾರಾಂತ್ಯದ ಮತ್ತು ರಜಾದಿನದ ವೇಳಾಪಟ್ಟಿ ಬೇರೆಯೇ ಇರುತ್ತದೆ, ಅದನ್ನೂ ತೆಗೆದು ನೋಡಿ.

ಹಳಿಯೋ ರಸ್ತೆಯೋ ಬಂದ್ ಆದ ದಿನ ಏನು ಮಾಡುತ್ತೀರಿ? ಎರಡನೆಯ ದಾರಿಯಿರುವ ಊರು ಮತ್ತು ಒಂದೇ ದಾರಿಯಿರುವ ಊರು, ಇವೆರಡರ ನಡುವಿನ ವ್ಯತ್ಯಾಸ ವರ್ಷಕ್ಕೆ ಕೆಲವೇ ದಿನ ಕಾಣುತ್ತದೆ. ಆ ದಿನಗಳು ಹೆಚ್ಚಾಗಿ ಅತಿ ಮುಖ್ಯವಾದ ದಿನಗಳೇ ಆಗಿರುತ್ತವೆ.

ಇದನ್ನೆಲ್ಲ ಭೂಪಟದ ಆ್ಯಪ್ ನೋಡಿ ತೀರ್ಮಾನಿಸಬೇಡಿ. ಕೆಲಸದ ದಿನವೊಂದರ ಬೆಳಿಗ್ಗೆ, ನೀವು ನಿಜವಾಗಿ ಹೊರಡಬೇಕಾದ ಹೊತ್ತಿಗೆ ಆ ಊರಿನಲ್ಲಿದ್ದು ಕಚೇರಿಯವರೆಗೆ ಹೋಗಿ ನೋಡಿ. ಸಂಜೆ ಜನಜಂಗುಳಿಯಲ್ಲೇ ಹಿಂತಿರುಗಿ. ಸಾಧ್ಯವಾದರೆ ಮಳೆ ಬರುವ ದಿನವೂ ಒಮ್ಮೆ. ಕೆಲವು ದಿನದ ಮಟ್ಟಿಗೆ ಕೋಣೆ ಸಿಗುವುದಾದರೆ ಒಂದು ವಾರ ಅಲ್ಲೇ ಉಳಿದು ಓಡಾಡಿ ನೋಡುವುದು ಇನ್ನೂ ಒಳ್ಳೆಯದು.

ಎರಡನೆಯದು: ಉಳಿತಾಯ ನಿಜವಾಗಿ ಎಷ್ಟು?

ನಗರದ ಬಾಡಿಗೆಯನ್ನು 100 ಎಂದಿಟ್ಟುಕೊಳ್ಳಿ, ಸಣ್ಣ ಊರಿನದು 60. ಮೇಲ್ನೋಟಕ್ಕೆ 40 ಉಳಿಯಿತು. ಇದರಲ್ಲಿ ತಿಂಗಳ ಪಾಸು, ನಿಲ್ದಾಣದಲ್ಲಿ ಗಾಡಿ ನಿಲ್ಲಿಸುವ ಶುಲ್ಕ, ತಡವಾದ ದಿನದ ಟ್ಯಾಕ್ಸಿ ಸೇರಿ 12 ಹೋದರೆ ಉಳಿಯುವುದು 28. ನಗರದ ಬಾಡಿಗೆ ನಿಮ್ಮ ಸಂಬಳದ ಶೇಕಡಾ 40ರಷ್ಟು ಇದ್ದಿದ್ದರೆ, ಈ 28 ಎಂದರೆ ಸಂಬಳದ ಶೇಕಡಾ 11ರ ಆಸುಪಾಸು. ಇದಕ್ಕೆ ಪ್ರತಿಯಾಗಿ ದಿನಕ್ಕೆ ಎರಡು ಗಂಟೆ ಹೆಚ್ಚು ಓಡಾಟವಾದರೆ ತಿಂಗಳಿಗೆ 44 ಗಂಟೆ. ದಿನಕ್ಕೆ ಎಂಟರಂತೆ 22 ದಿನದ ದುಡಿಮೆ 176 ಗಂಟೆ, 44 ಅದರ ಕಾಲು ಭಾಗ. ಅಂದರೆ ಕಾಲು ಭಾಗದಷ್ಟು ಹೆಚ್ಚುವರಿ ಹೊತ್ತು ಕೊಟ್ಟು ಶೇಕಡಾ 11ರಷ್ಟು ಹಣ ಉಳಿಸಿದಂತಾಯಿತು.

ಈ ಲೆಕ್ಕ ಕಂಡು ಗಾಬರಿಯಾಗುವುದೇನೂ ಬೇಡ. ಮಕ್ಕಳಿಗೆ ಆಡಲು ಅಂಗಳ, ವಯಸ್ಸಾದವರಿಗೊಂದು ಪ್ರತ್ಯೇಕ ಕೋಣೆ, ಶಬ್ದವಿಲ್ಲದ ರಾತ್ರಿ, ಇವಕ್ಕೂ ಬೆಲೆಯುಂಟು. ವಾರಕ್ಕೆ ಎರಡು ದಿನ ಮಾತ್ರ ಕಚೇರಿಗೆ ಹೋಗಬೇಕಾದವರಿಗೆ ಇಡೀ ಲೆಕ್ಕವೇ ತಲೆಕೆಳಗಾಗುತ್ತದೆ. ನಾನು ಹೇಳುವುದಿಷ್ಟೇ: ಬಾಡಿಗೆಗೆ ಬಾಡಿಗೆಯನ್ನಷ್ಟೇ ಹೋಲಿಸಬೇಡಿ, ಇಡೀ ತಿಂಗಳಿಗೆ ಇಡೀ ತಿಂಗಳನ್ನು ಹೋಲಿಸಿ. ಮರೆತುಹೋಗುವ ದೊಡ್ಡ ಖರ್ಚು ಒಂದಿದೆ, ಎರಡನೆಯ ವಾಹನ. ಇರುವ ಒಂದು ಗಾಡಿ ಬೆಳಗಿನಿಂದ ಸಂಜೆವರೆಗೆ ನಿಲ್ದಾಣದಲ್ಲಿ ನಿಂತಿರುತ್ತದೆ. ಮನೆಯಲ್ಲಿ ಉಳಿದವರು ಪೇಟೆಗೆ ಹೇಗೆ ಹೋಗಬೇಕು? ನಡೆದು ಹೋಗುವಷ್ಟು ದೂರದಲ್ಲಿ ಪೇಟೆಯಿಲ್ಲದಿದ್ದರೆ ಇನ್ನೊಂದು ಗಾಡಿ ಕೊಳ್ಳುವುದು ಅನಿವಾರ್ಯವಾಗುತ್ತದೆ, ಉಳಿತಾಯ ಅಲ್ಲಿಗೇ ಕರಗುತ್ತದೆ.

ಮೂರನೆಯದು: ಹಗಲಲ್ಲಿ ಊರಿನಲ್ಲಿ ಉಳಿಯುವವರ ಕಣ್ಣಿಂದ ನೋಡಿ

ಮನೆ ಆರಿಸುವವರು ಸಾಮಾನ್ಯವಾಗಿ ದುಡಿಯಲು ಹೋಗುವವರು. ಅವರು ಊರನ್ನು ಬೆಳಗಿನ ಜಾವದಲ್ಲೂ ಕತ್ತಲಾದ ಮೇಲೂ ಮಾತ್ರ ಕಾಣುತ್ತಾರೆ. ಅಲ್ಲಿ ನಿಜವಾಗಿ ಬದುಕುವವರು ಮಕ್ಕಳು, ವಯಸ್ಸಾದ ತಂದೆ ತಾಯಿ, ಮನೆಯಿಂದಲೇ ಕೆಲಸ ಮಾಡುವ ಸಂಗಾತಿ. ಆದ್ದರಿಂದ ಊರು ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಕೆಲಸದ ದಿನದ ಮಧ್ಯಾಹ್ನ ಎರಡು ಮೂರು ಗಂಟೆ ಸುಮ್ಮನೆ ತಿರುಗಾಡಿ. ಎಲ್ಲರೂ ನಗರಕ್ಕೆ ಹೋಗಿಬಿಡುವ ಕೆಲವು ಊರುಗಳಲ್ಲಿ ಆ ಹೊತ್ತಿಗೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಕೆಲವರಿಗೆ ಅದು ಹಿತ, ಕೆಲವರಿಗೆ ಸಹಿಸಲಾಗದ ಒಂಟಿತನ. ಯಾರಿಗೆ ಯಾವುದೆಂಬುದನ್ನು ಅವರೇ ಹೇಳಬೇಕು.

ಆಮೇಲೆ ಒಂದು ಕಠಿಣ ಪ್ರಶ್ನೆಯನ್ನು ಮನೆಮಂದಿಯೆಲ್ಲ ಕೂತು ಮಾತಾಡಿ. ಮಧ್ಯಾಹ್ನ ಮೂರು ಗಂಟೆಗೆ ಶಾಲೆಯಿಂದ ಫೋನ್ ಬರುತ್ತದೆ, ಮಗುವಿಗೆ ಜ್ವರ. ದುಡಿಯುವ ಇಬ್ಬರೂ ಒಂದೂಕಾಲು ಗಂಟೆ ದೂರದಲ್ಲಿದ್ದಾರೆ, ಮುಂದಿನ ರೈಲು ನಲವತ್ತು ನಿಮಿಷಕ್ಕೆ. ಯಾರು ಹೋಗುತ್ತಾರೆ? ಈ ಪ್ರಶ್ನೆಗೆ ಒಬ್ಬರ ಹೆಸರು ಉತ್ತರವಾಗಿ ಸಿಗಬೇಕು. ಊರಿನಲ್ಲೇ ಇರುವ ನೆಂಟರು, ಪರಿಚಯದವರು, ಶಾಲೆಯಲ್ಲೇ ಸಂಜೆವರೆಗೆ ನೋಡಿಕೊಳ್ಳುವ ಏರ್ಪಾಡು, ಯಾವುದಾದರೂ ಸರಿ. ಹೆಸರೇ ಸಿಗದಿದ್ದರೆ ಮನೆ ಎಷ್ಟೇ ಚೆನ್ನಾಗಿರಲಿ, ಆ ವ್ಯವಸ್ಥೆಯಾಗುವವರೆಗೆ ಮುಂಗಡ ಕೊಡಬೇಡಿ.

ಹಾಗೆಯೇ ರಾತ್ರಿ ತೆರೆದಿರುವ ಔಷಧಿ ಅಂಗಡಿ ಎಲ್ಲಿದೆ, ತುರ್ತು ಚಿಕಿತ್ಸೆಯಿರುವ ಆಸ್ಪತ್ರೆ ಆ ಊರಿನಲ್ಲೇ ಇದೆಯೇ ಅಥವಾ ಪಕ್ಕದ ಊರಿಗೆ ಹೋಗಬೇಕೇ, ಆಂಬುಲೆನ್ಸ್ ಮನೆಯ ಬಾಗಿಲವರೆಗೆ ಬರುವಷ್ಟು ರಸ್ತೆ ಅಗಲವಿದೆಯೇ ಎಂಬುದನ್ನು ನೋಡಿಕೊಳ್ಳಿ. ನಿಲ್ದಾಣದಿಂದ ಮನೆಗೆ ಬರುವ ದಾರಿಯನ್ನು ಕತ್ತಲಲ್ಲಿ ನಡೆದು ನೋಡಿ. ದೀಪಗಳಿವೆಯೇ, ಕಾಲುದಾರಿ ಇದೆಯೇ, ತೆರೆದ ಅಂಗಡಿಗಳಿವೆಯೇ? ಈ ವಿಷಯದಲ್ಲಿ ಮನೆಯ ಹೆಣ್ಣುಮಕ್ಕಳ ಮಾತೇ ಕೊನೆಯ ಮಾತಾಗಲಿ.

ನಾಲ್ಕನೆಯದು: ಮನೆ ಹುಡುಕುವುದು

ಸಣ್ಣ ಊರಿನ ಎಷ್ಟೋ ಒಳ್ಳೆಯ ಮನೆಗಳು ಆನ್‌ಲೈನಿಗೆ ಬರುವುದೇ ಇಲ್ಲ. ಹಳೆಯ ಬಾಡಿಗೆದಾರರು ಖಾಲಿ ಮಾಡುವ ಮುಂಚೆಯೇ ಬಾಯಿಂದ ಬಾಯಿಗೆ ಸುದ್ದಿ ಹೋಗಿ ತುಂಬಿಬಿಡುತ್ತವೆ. ಆ ಸುದ್ದಿ ನಿಮ್ಮ ಕಿವಿಗೂ ಬೀಳಬೇಕೆಂದರೆ ಊರಿನಲ್ಲಿ ನಡೆದಾಡಬೇಕು. ಗೇಟಿಗೆ ಕಟ್ಟಿದ ಬೋರ್ಡುಗಳನ್ನು ಓದಿ. ದಿನಸಿ ಅಂಗಡಿಯವರನ್ನು, ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿಕೊಳ್ಳುವವರನ್ನು, ಶಾಲೆಯ ಕಚೇರಿಯಲ್ಲಿರುವವರನ್ನು ಕೇಳಿ. ಎಲ್ಲಕ್ಕಿಂತ ಮಿಗಿಲಾಗಿ, ನೀವು ಹತ್ತಲಿರುವ ಅದೇ ರೈಲಿನಲ್ಲಿ ದಿನಾ ಹೋಗಿಬರುವವರನ್ನು ಮಾತಾಡಿಸಿ. ಯಾವ ಬಡಾವಣೆಯಲ್ಲಿ ನೀರಿನ ತೊಂದರೆ, ಯಾವ ರಸ್ತೆ ಮಳೆಗಾಲದಲ್ಲಿ ಮುಳುಗುತ್ತದೆ, ಯಾವ ವಾಹನ ಸದಾ ತಡ, ಇವೆಲ್ಲ ಅವರಿಗೆ ಗೊತ್ತಿರುತ್ತದೆ, ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಬ್ರೋಕರ್ ಮೂಲಕ ಹೋಗುವುದಾದರೆ ಕಮಿಷನ್ ಎಷ್ಟು, ಯಾವಾಗ ಕೊಡಬೇಕು, ಕರಾರು ಮುರಿದರೆ ಏನು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. "ಮಾಲೀಕರು ದೂರದೂರಿನಲ್ಲಿದ್ದಾರೆ, ಮುಂಗಡ ಕಳಿಸಿದರೆ ಕೀಲಿ ಕಳಿಸುತ್ತಾರೆ" ಎಂಬ ಮಾತು ಕೇಳಿದ ಕೂಡಲೇ ಅಲ್ಲಿಂದ ಎದ್ದುಬನ್ನಿ. ಮನೆಯ ಒಳಗೆ ಕಾಲಿಡದೆ, ಮಾಲೀಕತ್ವದ ದಾಖಲೆ ನೋಡದೆ ಯಾರಿಗೂ ಹಣ ಹಾಕಬಾರದು.

ಜಾಹೀರಾತಿನ ದೂರವನ್ನು ನೀವೇ ಅಳೆಯಿರಿ. ಜಪಾನಿನಲ್ಲಿ ಮನೆ ಜಾಹೀರಾತುಗಳಿಗೆ ಒಂದು ನಿಯಮವಿದೆ: 80 ಮೀಟರಿಗೆ ಒಂದು ನಿಮಿಷದ ನಡಿಗೆ, ಉಳಿದ ಚೂರಿಗೂ ಪೂರ್ತಿ ನಿಮಿಷ ಸೇರಿಸಬೇಕು. ಎಲ್ಲಿದ್ದರೂ ಈ ಅಳತೆ ಉಪಯೋಗಕ್ಕೆ ಬರುತ್ತದೆ. "ನಿಲ್ದಾಣದಿಂದ ಐದು ನಿಮಿಷ" ಎಂದರೆ 400 ಮೀಟರ್ ಒಳಗಿರಬೇಕು, ಒಂದು ಕಿಲೋಮೀಟರ್ ಎಂದರೆ ಹದಿಮೂರು ನಿಮಿಷ. ಏರು ದಾರಿ, ಸಿಗ್ನಲ್, ರೈಲ್ವೆ ಗೇಟು ಇವು ಅದರ ಮೇಲೆ ಬೇರೆ. ಮನೆ ಮತ್ತು ಪ್ಲಾಟ್‌ಫಾರ್ಮಿನ ನಡುವೆ ಗೇಟು ಇದ್ದರೆ, ಅದು ಮುಚ್ಚುವುದು ನಿಮ್ಮ ರೈಲು ಬರುವ ಹೊತ್ತಿಗೇ ಎಂಬುದನ್ನು ಮರೆಯಬೇಡಿ.

ಐದನೆಯದು: ಮನೆಯೊಳಗೆ ಏನು ನೋಡಬೇಕು

ಇಲ್ಲಿ ಅವಸರ ಮಾಡಬೇಡಿ. ಅರ್ಧ ಗಂಟೆಯಾದರೂ ಮನೆಯೊಳಗಿರಿ, ಟಾರ್ಚು ಮತ್ತು ಫೋನ್ ಚಾರ್ಜರ್ ಕೈಯಲ್ಲಿರಲಿ.

ನೀರಿನಿಂದ ಶುರುಮಾಡಿ. ಅಡುಗೆಮನೆಯ ನಲ್ಲಿಯನ್ನೂ ಬಚ್ಚಲಿನ ನಲ್ಲಿಯನ್ನೂ ಒಟ್ಟಿಗೆ ತಿರುಗಿಸಿ, ಒಂದರ ಧಾರೆ ಸಣ್ಣಗಾಗುತ್ತದೆಯೇ ನೋಡಿ. ಟ್ಯಾಂಕಿನ ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿನ ಕೆಳಗೇ ಇರುವ ಮೇಲಂತಸ್ತಿನ ಮನೆಯಲ್ಲಿ ಎತ್ತರ ಎರಡೇ ಮೀಟರ್ ಇದ್ದರೆ ಒತ್ತಡವೂ ಅದರ ಐದನೇ ಒಂದು ಭಾಗ. ಅಲ್ಲಿ ಶವರ್ ತೊಟ್ಟಿಕ್ಕುತ್ತದೆ, ಗ್ಯಾಸ್ ಗೀಸರ್ ಹೊತ್ತಿಕೊಳ್ಳದೆಯೂ ಇರಬಹುದು. ನೀರು ದಿನವಿಡೀ ಬರುತ್ತದೆಯೇ ಅಥವಾ ನಿಗದಿತ ಹೊತ್ತಿಗೆ ಬಿಡುತ್ತಾರೆಯೇ ಎಂದು ಕೇಳಿ. ಬೆಳಿಗ್ಗೆ ಹತ್ತಕ್ಕೆ ನೀರು ಬಿಡುವ ಊರಿನಲ್ಲಿ ಎಂಟಕ್ಕೇ ಮನೆ ಬಿಡುವವರ ಮೋಟರ್ ಹಾಕುವವರು ಯಾರು? ತಾನಾಗಿ ಶುರುವಾಗಿ ನಿಲ್ಲುವ ವ್ಯವಸ್ಥೆ ಇದ್ದರೆ ಅದು ಕೆಲಸ ಮಾಡುತ್ತಿದೆಯೇ ಎಂದು ತೋರಿಸಲು ಹೇಳಿ. ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟಿದ್ದರೆ ನೀರು ಗಡಸು, ಬಟ್ಟೆಗೂ ಗೀಸರಿಗೂ ಅದು ಕಷ್ಟ.

ತೇವ ಎರಡನೆಯದು. ಗೋಡೆಯ ಬುಡದಲ್ಲಿ ಉಬ್ಬಿದ ಬಣ್ಣವಿದ್ದರೆ ನೆಲದಿಂದ ನೀರು ಏರುತ್ತಿದೆ. ಮೇಲಿನ ಮೂಲೆಯಲ್ಲಿ ಕಲೆಯಿದ್ದರೆ ಚಾವಣಿ ಸೋರುತ್ತಿದೆ. ಕಿಟಕಿಯ ಸುತ್ತ ಇದ್ದರೆ ಮಳೆ ಒಳಗೆ ಹೊಡೆಯುತ್ತಿದೆ. ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದು ಗೋಡೆಗೆ ಮಾತ್ರ ಹೊಸದಾಗಿ ಬಳಿದಿದ್ದರೆ ಏಕೆಂದು ಕೇಳಿ. ಬೀರುವಿನ ಹಿಂದೆ, ಸಿಂಕಿನ ಕೆಳಗೆ ಟಾರ್ಚು ಬಿಡಿ. ಹಗಲೆಲ್ಲ ಕಿಟಕಿ ಮುಚ್ಚಿಟ್ಟು ಹೋಗುವವರ ಮನೆಯಲ್ಲಿ ಗಾಳಿಯಾಡದೆ ಬೂಷ್ಟು ಬೇಗ ಹಿಡಿಯುತ್ತದೆ. ನೀವು ಬರುವ ಮುಂಚೆ ಕಿಟಕಿ ತೆರೆದಿಡದಂತೆ ಹೇಳಿ, ಬಾಗಿಲು ತೆಗೆದಾಗ ಬರುವ ಮೊದಲ ವಾಸನೆ ಎಷ್ಟೋ ವಿಷಯ ತಿಳಿಸುತ್ತದೆ.

ಸೆಖೆಯ ಬಗ್ಗೆ ಒಂದು ಮಾತು. ಕಾಂಕ್ರೀಟು ಚಾವಣಿಯೂ ಪಶ್ಚಿಮದ ಗೋಡೆಯೂ ಮಧ್ಯಾಹ್ನದ ಬಿಸಿಲನ್ನು ಹೀರಿಕೊಂಡು ಸಂಜೆಯಿಂದ ರಾತ್ರಿಯವರೆಗೆ ಒಳಗೆ ಬಿಡುತ್ತವೆ. ದುಡಿದು ಬಂದವರು ಮನೆಯಲ್ಲಿರುವುದೇ ಆ ಹೊತ್ತಿನಲ್ಲಿ. ಬೆಳಿಗ್ಗೆ ತಂಪಾಗಿ ಕಂಡ ಮೇಲಂತಸ್ತಿನ ಮನೆಯನ್ನು ಬೇಸಿಗೆಯ ಸಂಜೆ ಏಳಕ್ಕೆ ಇನ್ನೊಮ್ಮೆ ನೋಡಿ, ಮಲಗುವ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿ.

ವಿದ್ಯುತ್ತಿಗೆ ಬಂದರೆ, ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇರಬೇಕು. ಒಳಗಿನ ಎಲ್ಲವನ್ನೂ ಆರಿಸಿ ಮೀಟರ್ ನೋಡಿ. ಆಗಲೂ ಅದು ಓಡುತ್ತಿದ್ದರೆ ಯಾರದೋ ಬಿಲ್ಲು ನಿಮ್ಮ ತಲೆಗೆ ಬರಲಿದೆ, ಇಲ್ಲವೇ ವೈರಿಂಗಿನಲ್ಲಿ ದೋಷವಿದೆ. ಶಾಕ್‌ನಿಂದ ಕಾಪಾಡುವ ಬ್ರೇಕರ್ ಇದೆಯೇ ನೋಡಿ, ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿದರೆ ಕೂಡಲೇ ಬೀಳಬೇಕು. ಎಲ್ಲ ಸಾಕೆಟ್ಟಿಗೂ ಚಾರ್ಜರ್ ಚುಚ್ಚಿ ನೋಡಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದು ಹೊಗೆ ಹೊರಹೋಗುವ ಕೊಳವೆಯಾಗಲಿ ಗಾಳಿ ಬರುವ ದಾರಿಯಾಗಲಿ ಇಲ್ಲದಿದ್ದರೆ ಅದನ್ನು ಬಳಸಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಗೀಸರನ್ನು ಹೊರಗೆ ಹಾಕಿಸಿಕೊಡಿ ಎಂದು ಕರಾರಿಗೆ ಮುಂಚೆಯೇ ಕೇಳಿ, ಈ ಒಂದು ವಿಷಯದಲ್ಲಿ ರಾಜಿ ಬೇಡ.

ಶಬ್ದದ ಬಗ್ಗೆ ಜನರಿಗೆ ಒಂದು ತಪ್ಪು ಕಲ್ಪನೆ ಇದೆ, ಹಳಿಯಿಂದ ಇನ್ನೊಂದಿಷ್ಟು ದೂರ ಹೋದರೆ ಸದ್ದು ಬಹಳಷ್ಟು ಕಡಿಮೆಯಾಗುತ್ತದೆ ಎಂದು. ಉದ್ದನೆಯ ರೈಲಿನಂಥ ಸದ್ದಿನ ಮೂಲದಿಂದ ದೂರ ಎರಡು ಪಟ್ಟಾದರೆ ಇಳಿಯುವುದು ಸುಮಾರು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಅರ್ಧವಾದಂತೆ ಅನಿಸಬೇಕಾದರೆ ಹತ್ತು ಡೆಸಿಬೆಲ್ ಇಳಿಯಬೇಕು. ಹಾಗಾಗಿ ಐವತ್ತು ಮೀಟರಿನಿಂದ ನೂರು ಮೀಟರಿಗೆ ಹೋಗುವುದಕ್ಕಿಂತ ಹಳಿಗೂ ನಿಮ್ಮ ಮಲಗುವ ಕೋಣೆಗೂ ನಡುವೆ ಇನ್ನೊಂದು ಕಟ್ಟಡವಿರುವ ಮನೆ ಹಿಡಿಯುವುದು ಮೇಲು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ, ರಾತ್ರಿಯ ಹೊತ್ತು ರೈಲಿನ ಸದ್ದು ಸರಾಸರಿ 44 ಡೆಸಿಬೆಲ್ ಒಳಗಿರಲಿ ಎಂದು ಸಲಹೆ ಕೊಟ್ಟಿದೆ. ಹಗಲಲ್ಲಿ ನೋಡಿ ಬಂದರೆ ತಿಳಿಯದು, ಗೂಡ್ಸ್ ಗಾಡಿಗಳು ರಾತ್ರಿ ಓಡುತ್ತವೆ. ನೆರೆಯವರನ್ನು ಕೇಳಿ.

ಫೋನ್ ಸಿಗ್ನಲ್ಲನ್ನು ಒಳಕೋಣೆಯಲ್ಲಿ ನಿಂತು, ಬಾಗಿಲು ಹಾಕಿಕೊಂಡು ಪರೀಕ್ಷಿಸಿ. ಮನೆಯಿಂದ ಕೆಲಸ ಮಾಡುವ ದಿನಗಳಿದ್ದರೆ ಆ ರಸ್ತೆಗೆ ಯಾವ ಇಂಟರ್ನೆಟ್ ಕೇಬಲ್ ಬಂದಿದೆ ಎಂದೂ ಕೇಳಬೇಕು.

ಆರನೆಯದು: ಮಾತುಕತೆ ಮತ್ತು ಕರಾರು

ಬಾಡಿಗೆಯ ಕಾನೂನು ಒಂದೊಂದು ಕಡೆ ಒಂದೊಂದು ರೀತಿ. ನೋಂದಣಿ, ಮುಂಗಡದ ಮಿತಿ, ಖಾಲಿ ಮಾಡಿಸುವ ನಿಯಮ ಇವನ್ನು ನೀವಿರುವ ಕಡೆಯ ಕಾನೂನಿನ ಪ್ರಕಾರ ಪರಿಶೀಲಿಸಿಕೊಳ್ಳಿ. ಎಲ್ಲಿದ್ದರೂ ಕರಾರಿನಲ್ಲಿ ಸ್ಪಷ್ಟವಾಗಿ ಇರಲೇಬೇಕಾದ ಕೆಲವು ಸಂಗತಿಗಳಿವೆ: ಬಾಡಿಗೆ ಎಷ್ಟು ಮತ್ತು ಯಾವ ತಾರೀಖಿಗೆ, ಮುಂಗಡ ಎಷ್ಟು, ಖಾಲಿ ಮಾಡಿದ ಎಷ್ಟು ದಿನದೊಳಗೆ ಅದು ವಾಪಸ್, ಯಾವ ಕಾರಣಕ್ಕೆ ಹಣ ಹಿಡಿದುಕೊಳ್ಳಬಹುದು, ನಿರ್ವಹಣೆಯ ಶುಲ್ಕ ಮತ್ತು ನೀರಿನ ಬಿಲ್ಲು ಯಾರದು, ಯಾವ ರಿಪೇರಿ ಯಾರದು. "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಎಂದಷ್ಟೇ ಬರೆದರೆ ಸಾಲದು. ಎಷ್ಟು ಮೊತ್ತದವರೆಗೆ ಸಣ್ಣದು ಎಂದು ಬರೆಸಿ.

ಬಾಡಿಗೆ ಏರಿಕೆಯ ಸಾಲನ್ನು ಎರಡು ಸಲ ಓದಿ. ವರ್ಷಕ್ಕೆ ಶೇಕಡಾ 10 ಎಂದರೆ ಮೂರು ಏರಿಕೆಗಳ ನಂತರ ಈಗಿನದರ ಮೇಲೆ ಶೇಕಡಾ 33 ಹೆಚ್ಚು. ನೀವು ಲೆಕ್ಕ ಹಾಕಿದ ಉಳಿತಾಯ ಆಗಲೂ ಉಳಿದಿರುತ್ತದೆಯೇ?

ದಿನಾ ಓಡಾಡುವವರು ವಿಶೇಷವಾಗಿ ಕೇಳಬೇಕಾದದ್ದು ಕಡ್ಡಾಯ ಅವಧಿ ಮತ್ತು ನೋಟಿಸಿನ ಅವಧಿಯ ಬಗ್ಗೆ. ಕಚೇರಿ ಬೇರೆ ಕಡೆಗೆ ಹೋಗಬಹುದು, ನಿಮ್ಮ ರೈಲಿನ ವೇಳೆ ಬದಲಾಗಬಹುದು, ಕೆಲಸವೇ ಬದಲಾಗಬಹುದು. ಮೊದಲ ವರ್ಷ ಕಡ್ಡಾಯ ಅವಧಿ ಆದಷ್ಟು ಚಿಕ್ಕದಿರಲಿ, ಅದಕ್ಕಾಗಿ ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಳ್ಳಬಹುದು. ಕೆಲಸದ ಸ್ಥಳ ಬದಲಾದರೆ ಒಂದು ತಿಂಗಳ ನೋಟಿಸಿನಲ್ಲಿ ಬಿಡಬಹುದು ಎಂಬ ಸಾಲನ್ನು ಸೇರಿಸಿ ಎಂದು ಕೇಳಿ. ಮಾಲೀಕರು ಒಪ್ಪದಿರಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಹೀಗೆ ಕೇಳುವಾಗ ಕಾರಣವನ್ನು ಬಿಡಿಸಿ ಹೇಳಿ, ಗೌರವದಿಂದ ಹೇಳಿ. ಸಣ್ಣ ಊರಿನ ಮಾಲೀಕರು ಹೆಚ್ಚಾಗಿ ಅದೇ ಊರಿನಲ್ಲೋ ಮೇಲಿನ ಮನೆಯಲ್ಲೋ ಇರುತ್ತಾರೆ, ಈ ಮಾತುಕತೆ ಮುಂದಿನ ಸಂಬಂಧದ ಮೊದಲ ದಿನವೂ ಹೌದು. ರಾತ್ರಿ ತಡವಾಗಿ ಬರುತ್ತೀರಿ, ನೆಂಟರು ಬಂದು ಉಳಿಯುತ್ತಾರೆ, ನಾಯಿ ಸಾಕಿದ್ದೀರಿ, ಏನೇ ಇದ್ದರೂ ಮೊದಲೇ ತಿಳಿಸಿಬಿಡಿ.

ಕೊಟ್ಟ ಪ್ರತಿ ಹಣಕ್ಕೂ ರಸೀದಿ ಇರಲಿ. ಇಬ್ಬರೂ ಸಹಿ ಮಾಡಿದ ಕರಾರಿನ ಒಂದು ಪ್ರತಿ ನಿಮ್ಮ ಬಳಿ ಇರಬೇಕು.

ಏಳನೆಯದು: ಒಳಗೆ ಹೋಗುವ ದಿನ

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ಪ್ರತಿ ಗೋಡೆ, ನೆಲ, ನಲ್ಲಿ, ಬಾಗಿಲು, ಫ್ಯಾನುಗಳ ವಿಡಿಯೋ ಮಾಡಿ. ಇರುವ ಬಿರುಕು, ಕಲೆಗಳನ್ನು ಹತ್ತಿರದಿಂದ ತೆಗೆಯಿರಿ. ಮೀಟರಿನ ಅಂಕೆಯ ಫೋಟೋ ತೆಗೆದು ಅದೇ ದಿನ ಮಾಲೀಕರಿಗೆ ಕಳಿಸಿ, ಅವರ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಸಾಧ್ಯವಿದ್ದರೆ ಬೀಗ ಬದಲಿಸಿ, ಹಳೆಯ ಬೀಗವನ್ನು ಜೋಪಾನವಾಗಿಡಿ.

ನೀರಿನ ಮುಖ್ಯ ವಾಲ್ವ್ ಎಲ್ಲಿದೆ, ವಿದ್ಯುತ್ತಿನ ಮುಖ್ಯ ಸ್ವಿಚ್ ಎಲ್ಲಿದೆ ಎಂಬುದನ್ನು ಮನೆಯ ಎಲ್ಲರಿಗೂ ತೋರಿಸಿ. ಹಗಲಲ್ಲಿ ಮನೆ ಖಾಲಿ ಇರುವುದಾದರೆ ಪೈಪು ಒಡೆದರೂ ನಿಮಗೆ ತಿಳಿಯುವುದು ಸಂಜೆಗೆ. ಆದ್ದರಿಂದ ನಂಬಿಕಸ್ಥ ನೆರೆಯವರೊಬ್ಬರ ಬಳಿ ಒಂದು ಕೀಲಿ, ನಿಮ್ಮ ಬಳಿ ಅವರ ಫೋನ್ ನಂಬರ್ ಇರಲಿ. ಇದಕ್ಕೆ ಪರಿಚಯ ಬೇಕು, ಪರಿಚಯಕ್ಕೆ ಹೊತ್ತು ಬೇಕು. ಬೆಳಿಗ್ಗೆ ಹೋಗಿ ರಾತ್ರಿ ಬರುವವರಿಗೆ ಊರಿನವರ ಮುಖವೇ ಕಾಣುವುದಿಲ್ಲ. ಮೊದಲ ಒಂದೆರಡು ರಜಾದಿನಗಳನ್ನು ನಗರಕ್ಕೆ ಓಡದೆ ಆ ಬೀದಿಗೇ ಕೊಡಿ. ನೀವಾಗಿಯೇ ಹೋಗಿ ಮಾತಾಡಿಸಿ, ಯಾರು ಎಲ್ಲಿಂದ ಬಂದಿದ್ದೀರಿ ಎಂದು ಹೇಳಿಕೊಳ್ಳಿ.

ಮೂರು ತಿಂಗಳಾದ ಮೇಲೆ ಮೊದಲು ಬರೆದಿಟ್ಟ ಕಾಗದ ತೆಗೆಯಿರಿ. ನಿಜವಾದ ಪ್ರಯಾಣದ ಹೊತ್ತು, ನಿಜವಾದ ಖರ್ಚು, ಮನೆಯಲ್ಲಿ ಉಳಿದವರ ಮಾತು, ಮೂರನ್ನೂ ಪಕ್ಕದಲ್ಲಿ ಬರೆಯಿರಿ. ಅಂತರ ಬಹಳವಿದ್ದರೆ ಹತ್ತು ನಿಮಿಷ ಬೇಗ ಹೊರಡುವುದು, ಕಚೇರಿಯ ವೇಳೆ ಬದಲಿಸಿಕೊಳ್ಳುವುದು, ನಿಲ್ದಾಣಕ್ಕೆ ಸೈಕಲ್ ಹಿಡಿಯುವುದು ಇಂಥ ಬದಲಾವಣೆಗಳಿಂದ ಸರಿಹೋಗುತ್ತದೆಯೇ ನೋಡಿ. ಸರಿಹೋಗದಿದ್ದರೆ ನೋಟಿಸಿನ ಸಾಲು ಇರುವುದೇ ಅದಕ್ಕೆ.

ಖಾಲಿ ಮಾಡುವಾಗ

ನೋಟಿಸನ್ನು ಬಾಯಿಮಾತಿನಲ್ಲಿ ಹೇಳಿದರೂ ತಾರೀಖು ಹಾಕಿ ಬರವಣಿಗೆಯಲ್ಲೂ ಕೊಡಿ. ಹೊಸ ಬಾಡಿಗೆದಾರರಿಗೆ ಮನೆ ತೋರಿಸಲು ರಜಾದಿನವೊಂದನ್ನು ಗೊತ್ತುಮಾಡಿಕೊಡಿ, ಇಲ್ಲದಿದ್ದರೆ ನೀವಿಲ್ಲದ ಹೊತ್ತಿನಲ್ಲಿ ಬಾಗಿಲು ತೆಗೆಯಬೇಕಾಗುತ್ತದೆ. ವಿದ್ಯುತ್, ನೀರು, ಇಂಟರ್ನೆಟ್ಟಿನ ಕೊನೆಯ ಬಿಲ್ಲುಗಳನ್ನು ಕಟ್ಟಿ ರಸೀದಿ ಇಟ್ಟುಕೊಳ್ಳಿ. ನೀವು ಹಾಕಿಸಿದ ಬೀಗ ತೆಗೆದು ಹಳೆಯದನ್ನು ಹಾಕಿ. ಸಾಮಾನು ಸಾಗಿಸಿ ಗುಡಿಸಿದ ಮೇಲೆ ಒಳಗೆ ಬಂದ ದಿನದ ವಿಡಿಯೋವನ್ನು ಮಾಲೀಕರ ಜೊತೆ ನೋಡುತ್ತಾ ಕೋಣೆ ಕೋಣೆ ಸುತ್ತಿ, ಅದೇ ಕ್ರಮದಲ್ಲಿ ಇನ್ನೊಂದು ವಿಡಿಯೋ ಮಾಡಿಕೊಳ್ಳಿ. ಏನಾದರೂ ಹಣ ಹಿಡಿದುಕೊಳ್ಳುವುದಾದರೆ ಯಾವುದಕ್ಕೆ ಎಷ್ಟು ಎಂದು ಅಲ್ಲೇ ಬರೆಸಿಕೊಳ್ಳಿ. ನೆರೆಯವರ ಬಳಿ ಕೊಟ್ಟಿದ್ದ ಕೀಲಿಯನ್ನೂ ಸೇರಿಸಿ ಎಲ್ಲ ಕೀಲಿಗಳನ್ನು ಎಣಿಸಿ ಕೊಟ್ಟು, ಕೊಟ್ಟ ತಾರೀಖಿಗೆ ಮಾಲೀಕರ ಸಹಿ ಪಡೆಯಿರಿ. ಮುಂಗಡ ವಾಪಸ್ ಬರಬೇಕಾದ ದಿನಗಳ ಎಣಿಕೆ ಆ ತಾರೀಖಿನಿಂದಲೇ ಶುರುವಾಗಬೇಕು.